ಆರು ಕಪ್ ಗೆದ್ದರೂ ಸೂತಕ: ಕಿಲ್ಕೆನ್ನಿಗೆ ಏನಾಯಿತು?

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವಳು. ಮೂರು ವರ್ಷಗಳಿಂದ ಐರ್ಲೆಂಡಿನ ಕಿಲ್ಕೆನ್ನಿಯಲ್ಲಿ ನರ್ಸ್ ಆಗಿದ್ದೇನೆ. ಇಲ್ಲಿ ಹರ್ಲಿಂಗ್ ಬಿಟ್ಟರೆ ಬೇರೆ ಮಾತಿಲ್ಲ. ಹಾಕಿ ನೋಡಿಕೊಂಡು ಬೆಳೆದವಳಾದ್ದರಿಂದ ಆಟ ನನಗೂ ಬೇಗ ಹಿಡಿಸಿತು. ಆದರೆ ಒಂದು ವಿಷಯ ತಲೆಗೆ ಹೋಗುತ್ತಿಲ್ಲ. ನಾನು ಬಂದಾಗಿನಿಂದ 2023, 2024, 2025 ಮೂರೂ ವರ್ಷ ಇವರ ತಂಡ ಲೆನ್‌ಸ್ಟರ್ ಪ್ರಾಂತ್ಯದ ಕಪ್ ಗೆದ್ದಿದೆ. ಆದರೂ ಪ್ರತಿ ಜುಲೈನಲ್ಲಿ ವಾರ್ಡಿನಲ್ಲಿ ಸಾವಿನ ಮನೆಯ ಮೌನ. ‘ನಮ್ಮ ಕಾಲ ಮುಗಿಯಿತು’ ಎನ್ನುತ್ತಾರೆ. ತಂಡ ನಿಜವಾಗಿಯೂ ಕುಸಿದಿದೆಯೇ? ಗೆದ್ದವರು ಹೀಗೇಕೆ ಕೊರಗುತ್ತಾರೆ? ಸೋತ ಮರುದಿನ ಅವರೊಂದಿಗೆ ಏನು ಮಾತಾಡಬೇಕು?

ಉತ್ತರ: ಅದು ನೀವು ಯಾವ ಕಪ್ಪನ್ನು ಎಣಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ಲೆನ್‌ಸ್ಟರ್ ಕಪ್ ಎಣಿಸುವುದಾದರೆ ಕಿಲ್ಕೆನ್ನಿ 2020ರಿಂದ 2025ರವರೆಗೆ ಆರಕ್ಕೆ ಆರೂ ಗೆದ್ದಿದೆ. ನಿಮ್ಮ ಕಣ್ಣೆದುರು ನಡೆದದ್ದು ಅದರ ಕೊನೆಯ ಮೂರು. ಆದರೆ ನೀವಿರುವ ಊರಿನಲ್ಲಿ ಅದನ್ನು ಯಾರೂ ಬೆರಳು ಮಡಚಿ ಎಣಿಸುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಕೊಡುವ ಲಿಯಮ್ ಮೆಕಾರ್ಥಿ ಕಪ್ ಒಂದೇ, ಅಂದರೆ ಅಖಿಲ ಐರ್ಲೆಂಡ್ ಪ್ರಶಸ್ತಿ. ಅದನ್ನು ಕಿಲ್ಕೆನ್ನಿ 36 ಸಲ ಗೆದ್ದಿದೆ. ಬೇರೆ ಯಾವ ಕೌಂಟಿಯೂ ಅಷ್ಟು ಗೆದ್ದಿಲ್ಲ. ಮೂವತ್ತಾರನೆಯದು ಬಂದದ್ದು 2015ರ ಸೆಪ್ಟೆಂಬರಿನಲ್ಲಿ, ಗಾಲ್ವೇ ವಿರುದ್ಧ. ಆ ಮೇಲೆ ಇಲ್ಲ.

ಈ ಆಟ ನೋಡದ ಓದುಗರಿಗಾಗಿ ಎರಡು ಮಾತು. ಹರ್ಲಿಂಗ್‌ನಲ್ಲಿ ಒಂದು ಕಡೆ ಹದಿನೈದು ಜನ. ಕೈಯಲ್ಲಿ ಆ್ಯಷ್ ಮರದ ಅಗಲ ತುದಿಯ ಕೋಲು. ಅದಕ್ಕೆ ಹರ್ಲಿ ಎಂದು ಹೆಸರು. ಚೆಂಡಿಗೆ ಸ್ಲಿಟರ್ ಎನ್ನುತ್ತಾರೆ. ಹಾಕಿಯಂತೆ ನೆಲಕ್ಕಂಟಿಕೊಂಡ ಆಟವಲ್ಲ. ಚೆಂಡನ್ನು ಗಾಳಿಯಲ್ಲೇ ಬೀಸಿ ಹೊಡೆಯಬಹುದು, ಕೈಯಲ್ಲಿ ಹಿಡಿಯಬಹುದು, ಕೋಲಿನ ಮೇಲೆ ಕೂರಿಸಿಕೊಂಡು ಓಡಬಹುದು. ಇಂಗ್ಲಿಷಿನ ಎಚ್ ಅಕ್ಷರದಂಥ ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು ಅಂಕ, ಕೆಳಗಿನ ಬಲೆಗೆ ಬಿದ್ದರೆ ಗೋಲು, ಅದಕ್ಕೆ ಮೂರು ಅಂಕ. ಹಾಗಾಗಿ 1-22 ಎಂದರೆ ಒಂದು ಗೋಲು, ಇಪ್ಪತ್ತೆರಡು ಅಂಕ, ಕೂಡಿದರೆ 25. ಯಾರಿಗೂ ಸಂಬಳವಿಲ್ಲ. ಹುಟ್ಟಿ ಬೆಳೆದ ಕೌಂಟಿಗೇ ಆಡುವುದು ವಾಡಿಕೆ. ಹೊರಗಿನಿಂದ ದುಡ್ಡು ಕೊಟ್ಟು ಆಟಗಾರರನ್ನು ತರುವಂತಿಲ್ಲ. ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮನೆತನದ ಹೆಸರಿಲ್ಲದವನು ಆ ಮನೆತನದ ತಂಡಕ್ಕೆ ಆಡಲಾರ. ಇದು ಹೆಚ್ಚುಕಡಿಮೆ ಅದೇ ಜಾತಿಯ ಕಟ್ಟು. ತಂಡ ಸೋತರೆ ‘ಅವರು ಸೋತರು’ ಎನ್ನುವ ಸೌಲಭ್ಯ ಯಾರಿಗೂ ಇರುವುದಿಲ್ಲ.

ಕಿಲ್ಕೆನ್ನಿ ಕೌಂಟಿಯ ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ಕೊಡಗಿನ ಐದನೇ ಒಂದು ಭಾಗ ಎಂದುಕೊಳ್ಳಿ. ಐರ್ಲೆಂಡಿನ ಉಳಿದ ಕೌಂಟಿಗಳು ಹರ್ಲಿಂಗ್ ಜೊತೆಗೆ ಗೇಲಿಕ್ ಫುಟ್‌ಬಾಲನ್ನೂ ಸಾಕಿಕೊಂಡಿವೆ. ಕಿಲ್ಕೆನ್ನಿಯಲ್ಲಿ ಫುಟ್‌ಬಾಲ್ ಹೆಸರಿಗೆ ಮಾತ್ರ. ಬೇಸಿಗೆಯಿಡೀ ಮನಸ್ಸು ಇಡಲು ಅವರಿಗೆ ಇರುವುದು ಒಂದೇ ತಂಡ. ಆ ತಂಡ ಸುಮಾರು ಹದಿನಾರು ವರ್ಷ ಏನು ಮಾಡಿತು ಎಂಬುದು ಗೊತ್ತಾಗದೆ ಈಗಿನ ಕೊರಗು ಅರ್ಥವಾಗುವುದಿಲ್ಲ.

1998ರ ಕೊನೆಯಲ್ಲಿ ಬ್ರಯನ್ ಕೋಡಿ ಎಂಬ ಶಾಲಾ ಮೇಷ್ಟ್ರು ತಂಡದ ಮ್ಯಾನೇಜರ್ ಆದರು. 2022ರ ಜುಲೈನಲ್ಲಿ ಕೆಳಗಿಳಿದರು. ಇಪ್ಪತ್ತನಾಲ್ಕು ಋತು, ಹನ್ನೊಂದು ಅಖಿಲ ಐರ್ಲೆಂಡ್, ಹದಿನೆಂಟು ಲೆನ್‌ಸ್ಟರ್. 2006ರಿಂದ 2009ರವರೆಗೆ ಸತತ ನಾಲ್ಕು. 2008ರ ಫೈನಲ್‌ನಲ್ಲಿ ವಾಟರ್‌ಫರ್ಡ್ ವಿರುದ್ಧ 3-30ಕ್ಕೆ 1-13, ಅಂದರೆ 39ಕ್ಕೆ 16. ಅಂತಿಮ ಪಂದ್ಯದಲ್ಲಿ ಅಂಥ ಏಕಪಕ್ಷೀಯ ಆಟವನ್ನು ನಾನು ಮತ್ತೆ ನೋಡಿಲ್ಲ. ಅರ್ಧ ವೇಳೆಗೇ ವಾಟರ್‌ಫರ್ಡ್‌ನವರ ಮುಖ ನೋಡಲಾಗುತ್ತಿರಲಿಲ್ಲ. ಹೆನ್ರಿ ಶೆಫ್ಲಿನ್ ಹತ್ತು ಪದಕ ಗೆದ್ದರು. ಟಾಮಿ ವಾಲ್ಷ್ 2003ರಿಂದ 2011ರವರೆಗೆ ಸತತ ಒಂಬತ್ತು ವರ್ಷ ಆಲ್ ಸ್ಟಾರ್, ಅಂದರೆ ಆಯಾ ವರ್ಷದ ಶ್ರೇಷ್ಠ ಹದಿನೈದು ಮಂದಿಯ ತಂಡಕ್ಕೆ ಆಯ್ಕೆಯಾದರು. ಕೋಡಿ ತಂಡದ ಬಗ್ಗೆ ಜನ ಹೇಳುತ್ತಿದ್ದುದು ಒಂದೇ ಮಾತು: ಇವರ ನಿಜವಾದ ಫೈನಲ್ ನಡೆಯುವುದು ತವರು ಮೈದಾನ ನೋಲನ್ ಪಾರ್ಕಿನ ಅಭ್ಯಾಸದಲ್ಲಿ. ತಮ್ಮತಮ್ಮಲ್ಲೇ ಎರಡು ಪಾಲಾಗಿ ಆಡುವಾಗ ಕೋಡಿ ಪೀಪಿಯನ್ನು ಜೇಬಿನಿಂದ ತೆಗೆಯುತ್ತಿರಲಿಲ್ಲವಂತೆ. ಅಭ್ಯಾಸ ನೋಡಲೂ ಜನ ಸೇರುತ್ತಿದ್ದರು. 2010ರಲ್ಲಿ ಐದನೆಯ ಸತತ ಕಪ್ಪಿಗೆ ಮೊದಲು ಶೆಫ್ಲಿನ್ ಮಂಡಿ ಹರಿದುಕೊಂಡಾಗ, ಆತ ಓಡುತ್ತಾನೋ ಇಲ್ಲವೋ ಎಂದು ನೋಡಲು ಒಂದು ಸಂಜೆ ಸಾವಿರಾರು ಮಂದಿ ನೋಲನ್ ಪಾರ್ಕಿಗೆ ಬಂದಿದ್ದರು. ಫೈನಲ್‌ನಲ್ಲಿ ಆತ ಕಾಲು ಗಂಟೆಯೂ ನಿಲ್ಲಲಿಲ್ಲ. ಟಿಪ್ಪೆರರಿಯ ಲಾರ್ ಕಾರ್ಬೆಟ್ ಮೂರು ಗೋಲು ಹೊಡೆದು ಆ ಕನಸು ಮುಗಿಸಿದರು. ಮುಂದಿನ ವರ್ಷವೇ ಕಿಲ್ಕೆನ್ನಿ ಅದೇ ಟಿಪ್ಪೆರರಿಯನ್ನು ಫೈನಲ್‌ನಲ್ಲಿ ಸೋಲಿಸಿ ಕಪ್ ವಾಪಸ್ ತಂದಿತು ಎಂಬುದೂ ಇದೇ ಕಥೆಯ ಭಾಗ. ಆಗೆಲ್ಲ ಸೋಲು ಎಂದರೆ ಒಂದು ವರ್ಷದ ಬಡ್ಡಿಸಾಲ.

ನಾನು ಆ ಕಾಲದಲ್ಲಿ ಡಬ್ಲಿನ್ನಿನಲ್ಲಿದ್ದೆ. ನಾನು ಬಾಡಿಗೆಗಿದ್ದ ಮನೆಯ ಯಜಮಾನರು ದಕ್ಷಿಣ ಕಿಲ್ಕೆನ್ನಿಯವರು, ನಿವೃತ್ತ ಅಂಚೆಯಣ್ಣ. ಪಂದ್ಯವನ್ನು ಟಿವಿಯಲ್ಲಿ ನೋಡುತ್ತ, ಟಿವಿಯ ಸದ್ದು ಅಡಗಿಸಿ, ರೇಡಿಯೊದ ವಿವರಣೆ ಕೇಳುವ ಪದ್ಧತಿ ಅವರದು. ಸೋತ ದಿನ ಬೈಗುಳವಿಲ್ಲ, ಗ್ಲಾಸ್ ಎಸೆಯುವುದಿಲ್ಲ. ರೇಡಿಯೊ ಆರಿಸಿ, ಹಿತ್ತಿಲಿಗೆ ಹೋಗಿ, ದೊಡ್ಡ ಕತ್ತರಿ ತೆಗೆದುಕೊಂಡು ಬೇಲಿಗಿಡ ಕತ್ತರಿಸಲು ನಿಲ್ಲುತ್ತಿದ್ದರು. ನಾನು ಹೋದ ಹೊಸದರಲ್ಲಿ ಆ ಬೇಲಿ ಆಳೆತ್ತರ ಬೆಳೆದಿತ್ತು. 2016ರಿಂದ 2019ರ ನಡುವೆ ಅದು ಸೊಂಟಕ್ಕೆ ಇಳಿಯಿತು. ಕಿಲ್ಕೆನ್ನಿಯ ಕುಸಿತದ ನಕ್ಷೆ ಬರೆಯಲು ನನಗೆ ಬೇರೆ ಕಾಗದ ಬೇಕಾಗಲಿಲ್ಲ.

2016ರ ಫೈನಲ್‌ನಲ್ಲಿ ಟಿಪ್ಪೆರರಿ ಒಂಬತ್ತು ಅಂಕಗಳಿಂದ ಹೊಡೆಯಿತು. 2017ರಲ್ಲಿ ವೆಕ್ಸ್‌ಫರ್ಡ್‌ಗೆ ಸೋಲು, ಆ ಮೇಲೆ ಹೆಚ್ಚುವರಿ ಸಮಯದಲ್ಲಿ ವಾಟರ್‌ಫರ್ಡ್‌ಗೆ ಸೋಲು. ಚಾಂಪಿಯನ್‌ಷಿಪ್‌ನಲ್ಲಿ ವಾಟರ್‌ಫರ್ಡ್ ಕೈಯಲ್ಲಿ ಸೋತದ್ದು 1959ರ ನಂತರ ಅದೇ ಮೊದಲು. ಯಜಮಾನರ ತಲೆಮಾರಿಗೆ ಅದು ಬರೀ ಸೋಲಲ್ಲ, ಮನೆಯ ಗೋಡೆಯೊಂದು ಬಿದ್ದ ಹಾಗೆ. 2018ರಲ್ಲಿ ಲಿಮರಿಕ್ ಎರಡು ಅಂಕಗಳಿಂದ ಹೊರಗೆ ಹಾಕಿತು. 2019ರ ಫೈನಲ್‌ನಲ್ಲಿ ಮತ್ತೆ ಟಿಪ್ಪೆರರಿ, ಈ ಸಲ ಹದಿನಾಲ್ಕು ಅಂಕಗಳ ಅಂತರ. ರಿಚಿ ಹೋಗನ್ ಕೆಂಪು ಕಾರ್ಡ್ ಪಡೆದು ಮೈದಾನದಿಂದ ಹೊರನಡೆದ ದಿನ ಅದು.

ಮೊದಲ ಕಾರಣ ತೀರ ಸರಳ: ಒಂದು ತಲೆಮಾರು ಒಟ್ಟಿಗೆ ಎದ್ದುಹೋಯಿತು. 2014ರ ಫೈನಲ್ ಗೆದ್ದ ಕೆಲವೇ ತಿಂಗಳಲ್ಲಿ ಜೆ.ಜೆ. ಡಿಲೇನಿ, ಟಾಮಿ ವಾಲ್ಷ್, ಬ್ರಯನ್ ಹೋಗನ್, ಶೆಫ್ಲಿನ್ ಎಲ್ಲರೂ ನಿವೃತ್ತರಾದರು. ಬಳಿಕ ಜಾಕಿ ಟಿರಲ್, ಓವನ್ ಲಾರ್ಕಿನ್, ಮೈಕೆಲ್ ಫೆನೆಲಿ. ಮೊದಲ ನಾಲ್ವರಿಲ್ಲದೆಯೂ 2015ರಲ್ಲಿ ಕಪ್ ಬಂದದ್ದೇ ಒಂದು ಬಗೆಯ ಮೋಸವಾಯಿತು. ಹೊಲದಲ್ಲಿ ಕಳೆದ ವರ್ಷದ ಗೊಬ್ಬರಕ್ಕೆ ಈ ವರ್ಷ ಬೆಳೆ ಬಂದರೆ, ಮಣ್ಣಿನ ಬಗ್ಗೆ ಯಾರೂ ಚಿಂತಿಸುವುದಿಲ್ಲ. ಆ ವರ್ಷದ ಶ್ರೇಷ್ಠ ಆಟಗಾರ ಟಿ.ಜೆ. ರೀಡ್. ಹತ್ತು ವರ್ಷಗಳ ನಂತರ, 2025ರ ಸೆಮಿಫೈನಲ್‌ನಲ್ಲೂ ತಂಡ ನೆಚ್ಚಿಕೊಂಡಿದ್ದು ಅದೇ ಟಿ.ಜೆ. ರೀಡ್‌ರನ್ನು. ಆಗ ಅವರಿಗೆ 37 ವರ್ಷ. ಅವರ ಹಿರಿಮೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ; ತಂಡದ ಬಡತನಕ್ಕೂ ಬೇಡ.

ಕೆಳಗಿನಿಂದ ಬರಬೇಕಾದವರು ಬರಲಿಲ್ಲವೇ ಎಂದರೆ, ಬಂದರು, ಆದರೆ ಕಪ್ಪಿನೊಂದಿಗೆ ಬರಲಿಲ್ಲ. ಹದಿಹರೆಯದ ಹುಡುಗರ ಮೈನರ್ ದರ್ಜೆಯಲ್ಲಿ ಕಿಲ್ಕೆನ್ನಿ ಕೊನೆಯದಾಗಿ ಅಖಿಲ ಐರ್ಲೆಂಡ್ ಗೆದ್ದದ್ದು 2014ರಲ್ಲಿ. 2018, 2019, 2020ರಲ್ಲಿ ಸತತ ಮೂರು ಫೈನಲ್ ತಲುಪಿ ಮೂರನ್ನೂ ಗಾಲ್ವೇ ಹುಡುಗರಿಗೆ ಬಿಟ್ಟುಕೊಟ್ಟರು. 21 ವರ್ಷದೊಳಗಿನವರ ಕಪ್ 2008ರಲ್ಲಿ ಬಂದದ್ದು. ಆ ದರ್ಜೆ 20ಕ್ಕೆ ಇಳಿದ ಮೇಲೆ 2022ರಲ್ಲಿ, ಹದಿನಾಲ್ಕು ವರ್ಷಗಳ ನಂತರ, ಒಂದು ದಕ್ಕಿತು. ಆ ಹುಡುಗರನ್ನು ತಯಾರು ಮಾಡಿದ ಡೆರೆಕ್ ಲಿಂಗ್ ಅವರೇ ಕೋಡಿ ಕುರ್ಚಿಗೆ ಬಂದರು. ವಿಚಿತ್ರವೆಂದರೆ ಊರೊಳಗಿನ ಆಟ ಎಲ್ಲೂ ಸೊರಗಿಲ್ಲ. ಬ್ಯಾಲಿಹೇಲ್ ಎಂಬ ಹಳ್ಳಿಯ ಷಾಮ್‌ರಾಕ್ಸ್ ಕ್ಲಬ್ ಇದೇ ಬರಗಾಲದಲ್ಲಿ 2019, 2020, 2023ರ ಅಖಿಲ ಐರ್ಲೆಂಡ್ ಕ್ಲಬ್ ಕಪ್ ಗೆದ್ದಿದೆ. ಒಟ್ಟು ಒಂಬತ್ತು, ಯಾವ ಕ್ಲಬ್ಬೂ ಅಷ್ಟು ಗೆದ್ದಿಲ್ಲ. ಶೆಫ್ಲಿನ್, ರೀಡ್ ಇಬ್ಬರೂ ಆ ಹಳ್ಳಿಯವರೇ. ಹಾಗಾಗಿ ‘ಕಿಲ್ಕೆನ್ನಿ ಮಕ್ಕಳಿಗೆ ಆಟ ಮರೆತುಹೋಗಿದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಂದು ಕಾರಣ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಅದನ್ನು ತಿಳಿಯಲು ಅಂಕಗಳನ್ನೇ ನೋಡಬೇಕು. 1999ರ ಫೈನಲ್‌ನಲ್ಲಿ ಕಾರ್ಕ್ 13 ಅಂಕ ಗಳಿಸಿ ಕಪ್ ಒಯ್ದಿತು, ಕಿಲ್ಕೆನ್ನಿಯದು 12. 2006ರಲ್ಲಿ ಕಿಲ್ಕೆನ್ನಿಗೆ ಗೆಲ್ಲಲು ಸಾಕಾದದ್ದು 1-16, ಅಂದರೆ 19. ಈಗ 2022ರ ಫೈನಲ್ ನೋಡಿ: ಕಿಲ್ಕೆನ್ನಿ 2-26, ಅಂದರೆ 32 ಅಂಕ ಗಳಿಸಿ ಸೋತಿತು. ಲಿಮರಿಕ್ 1-31 ಹೊಡೆದಿತ್ತು. 2021ರಲ್ಲಿ ಕಾರ್ಕ್ ವಿರುದ್ಧದ ಸೆಮಿಫೈನಲ್ ಹೆಚ್ಚುವರಿ ಸಮಯಕ್ಕೆ ಹೋದಾಗ ಕಿಲ್ಕೆನ್ನಿಯ 35ಕ್ಕೂ ಬೆಲೆ ಸಿಗಲಿಲ್ಲ. ಕಾರ್ಕ್ 40 ಮಾಡಿತು. ಹತ್ತು ಹದಿನೈದು ವರ್ಷಗಳಲ್ಲಿ ಆಟದ ದರವೇ ಬದಲಾಗಿದೆ.

ಕೋಡಿಯ ಆಟದ ಬೇರು ಒಂದು ನಂಬಿಕೆಯಲ್ಲಿತ್ತು. ಚೆಂಡು ಎತ್ತರಕ್ಕೆ, ದೂರಕ್ಕೆ ಹೋಗಲಿ. ಕೆಳಗೆ ಬರುವಾಗ ನಿನ್ನ ಎದುರಾಳಿಗಿಂತ ಮೊದಲು ನಿನ್ನ ಕೈ ಅಲ್ಲಿರಲಿ. ಹದಿನೈದು ಕಡೆ ಹದಿನೈದು ಕುಸ್ತಿ. ಎಂಟು ಜನ ತಮ್ಮ ಕುಸ್ತಿ ಗೆದ್ದರೆ ಪಂದ್ಯ ಗೆದ್ದಂತೆ. ಮುಂದಾಳುಗಳೂ ಎದುರಾಳಿಯ ಕೋಲಿಗೆ ಕೋಲು ಕೊಕ್ಕೆ ಹಾಕಬೇಕು, ಹೊಡೆತಕ್ಕೆ ಅಡ್ಡ ಬೀಳಬೇಕು. ಈ ನಂಬಿಕೆಯೊಂದಿಗೆ ಬೆಳೆದ ಊರಿನಲ್ಲಿ ಇಂದಿಗೂ ಹೆಚ್ಚು ಚಪ್ಪಾಳೆ ಬೀಳುವುದು ಅಂಕಕ್ಕಲ್ಲ, ಒಳ್ಳೆಯ ಕೊಕ್ಕೆಗೆ. ನೋಲನ್ ಪಾರ್ಕಿನಲ್ಲಿ ಕುಳಿತಾಗ ಗಮನಿಸಿ.

ಲಿಮರಿಕ್ ಏನು ಮಾಡಿತೆಂದರೆ, ಕುಸ್ತಿಗೆ ಬೇಕಾದ ಮೈಕಟ್ಟನ್ನು ಇಟ್ಟುಕೊಂಡೇ ಕುಸ್ತಿಯ ಸಂಖ್ಯೆ ಕಡಿಮೆ ಮಾಡಿತು. ಮ್ಯಾನೇಜರ್ ಜಾನ್ ಕೈಲಿ, ತರಬೇತುದಾರ ಪಾಲ್ ಕಿನರ್ಕ್. ಗೋಲಿ ಪಕ್‌ಔಟ್ ಹೊಡೆಯುವಾಗ, ಅಂದರೆ ತನ್ನ ಕಂಬಗಳ ಬಳಿಯಿಂದ ಆಟ ಮತ್ತೆ ಶುರುಮಾಡುವಾಗ, ಚೆಂಡನ್ನು ಗುಂಪಿನ ಮೇಲೆ ಎಸೆಯುವ ಬದಲು ಬಿಡುವಾಗಿ ನಿಂತವನಿಗೆ ಕೊಡುವುದು, ಅಲ್ಲಿಂದ ಕೈಗೆ ಕೈ ದಾಟಿಸುತ್ತ ನಡುಗೆರೆ ಮೀರುವುದು, ಅರವತ್ತು ಎಪ್ಪತ್ತು ಮೀಟರಿನಿಂದಲೇ ಕಂಬದ ನಡುವೆ ಹೊಡೆಯುವುದು. ಗೋಲಿಗಾಗಿ ಕಾದು ಕೂರುವುದಿಲ್ಲ. ಒಂದೊಂದೇ ಅಂಕವನ್ನು ಹನಿಹನಿಯಾಗಿ ಕೂಡಿಸಿ ಎದುರಾಳಿಯನ್ನು ಮುಳುಗಿಸುತ್ತಾರೆ. 45 ವರ್ಷಗಳ ಬರವನ್ನು 2018ರಲ್ಲಿ ಮುರಿದ ಲಿಮರಿಕ್, 2020ರಿಂದ 2023ರವರೆಗೆ ಸತತ ನಾಲ್ಕು ಗೆದ್ದು ಕಿಲ್ಕೆನ್ನಿಯ ದಾಖಲೆಗೆ ಸಮವಾಯಿತು.

2023ರ ಫೈನಲ್ ಇದರ ಅಚ್ಚುಕಟ್ಟಾದ ಪ್ರಾತ್ಯಕ್ಷಿಕೆ. ಅರ್ಧ ವೇಳೆಗೆ ಕಿಲ್ಕೆನ್ನಿ 1-9, ಲಿಮರಿಕ್ 0-9. ಎರಡನೇ ಅವಧಿಯ ಶುರುವಿನಲ್ಲೇ ಪ್ಯಾಡಿ ಡೀಗನ್ ಗೋಲು ಹೊಡೆದರು. ಕಪ್ಪು ಮತ್ತು ಜೇನುಬಣ್ಣದ ಪಟ್ಟೆಯಂಗಿಯವರು ಎದ್ದು ನಿಂತರು. ಆ ಮೇಲೆ ನಡೆದದ್ದಕ್ಕೆ ಒಂದು ಘಟನೆ ಎಂದು ಬೆರಳು ತೋರಿಸಲು ಏನೂ ಇಲ್ಲ. ಅಂಕ, ಅಂಕ, ಇನ್ನೊಂದು ಅಂಕ. ಲಿಮರಿಕ್ ಆ ಅರ್ಧದಲ್ಲಿ ಒಂದೂ ಗೋಲು ಹೊಡೆಯಲಿಲ್ಲ, 21 ಅಂಕ ಹೊಡೆಯಿತು. ಕೊನೆಗೆ 0-30ಕ್ಕೆ 2-15. ಮುಂಗಾರು ಮಳೆಯಲ್ಲಿ ಗದ್ದೆಯ ಬದು ಒಡೆಯುವುದನ್ನು ನೋಡಿದವರಿಗೆ ಗೊತ್ತಿರುತ್ತದೆ: ಎಲ್ಲಿ ಒಡೆಯಿತು ಎಂದು ಹುಡುಕುವಷ್ಟರಲ್ಲಿ ನೀರು ಮೊಣಕಾಲಿಗೆ ಬಂದಿರುತ್ತದೆ.

ಇಷ್ಟು ಹೇಳಿದ ಮೇಲೆ ಕಿಲ್ಕೆನ್ನಿಯ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯ. 2018ರಿಂದ 2023ರವರೆಗಿನ ಆರು ಋತುಗಳಲ್ಲಿ ಆ ಲಿಮರಿಕ್ಕನ್ನು ಅಖಿಲ ಐರ್ಲೆಂಡ್ ಹಂತದ ಪಂದ್ಯದಲ್ಲಿ ಕೆಡವಿದ್ದು ಒಂದೇ ತಂಡ, ಅದು 2019ರ ಸೆಮಿಫೈನಲ್‌ನಲ್ಲಿ ಕಿಲ್ಕೆನ್ನಿ. ಅದೂ ಹಳೆಯ ರೀತಿಯಲ್ಲೇ, ಮೊದಲ ಇಪ್ಪತ್ತು ನಿಮಿಷ ಉಸಿರು ಬಿಡಲು ಅವಕಾಶ ಕೊಡದೆ. ಒಂದು ಅಂಕದ ಗೆಲುವು. ಕೊನೆಯ ಗಳಿಗೆಯಲ್ಲಿ ಲಿಮರಿಕ್‌ಗೆ ಸಿಗಬೇಕಿದ್ದ ಒಂದು ಹೊಡೆತವನ್ನು ರೆಫರಿ ಕೊಡಲಿಲ್ಲ ಎಂದು ಲಿಮರಿಕ್‌ನವರು ಇಂದಿಗೂ ಹಲ್ಲು ಕಡಿಯುತ್ತಾರೆ. ಕಿಲ್ಕೆನ್ನಿಯವರಿಗೆ ಆ ವಿಷಯ ನೆನಪೇ ಇರುವುದಿಲ್ಲ. ನನ್ನ ಮಟ್ಟಿಗೆ, ಕೋಡಿಯ ದೊಡ್ಡ ಕೆಲಸ 2008ರ ತಂಡವಲ್ಲ. ಅಂಥ ಆಟಗಾರರು ಕೈಯಲ್ಲಿದ್ದರೆ ಇನ್ನೊಬ್ಬರೂ ಗೆಲ್ಲುತ್ತಿದ್ದರೇನೋ. ಅರ್ಧ ಸರಕಿನಿಂದ 2019 ಮತ್ತು 2022ರ ತಂಡಗಳನ್ನು ಫೈನಲ್‌ವರೆಗೆ ಎಳೆದು ತಂದದ್ದು ಹೆಚ್ಚಿನದು. ಇದನ್ನು ಕಿಲ್ಕೆನ್ನಿಯ ಪಬ್ಬಿನಲ್ಲಿ ಹೇಳಿದರೆ ಅರ್ಧ ಮೇಜು ತಲೆಯಾಡಿಸುತ್ತದೆ, ಇನ್ನರ್ಧ ‘ಅವರು ಐದು ವರ್ಷ ಮೊದಲೇ ಬಿಡಬೇಕಿತ್ತು’ ಎನ್ನುತ್ತದೆ.

ಈಗ ನಿಮ್ಮ ಲೆನ್‌ಸ್ಟರ್ ಕಪ್ಪಿಗೆ ಬರೋಣ. ಅದರಲ್ಲೇ ಒಂದು ಗುಟ್ಟಿದೆ. 2017ರಲ್ಲಿ ಗಾಲ್ವೇ ಗೆದ್ದ ಮೇಲೆ 2025ರವರೆಗೆ ಅಖಿಲ ಐರ್ಲೆಂಡ್ ಕಪ್ ಲೆನ್‌ಸ್ಟರ್ ಕಡೆಗೆ ಬಂದೇ ಇಲ್ಲ. ಲಿಮರಿಕ್, ಟಿಪ್ಪೆರರಿ, ಕ್ಲೇರ್, ಎಲ್ಲವೂ ಮನ್‌ಸ್ಟರ್ ಪ್ರಾಂತ್ಯದವು. ಅಲ್ಲಿ ಐದು ತಂಡಗಳೂ ಒಂದನ್ನೊಂದು ಕಚ್ಚುವಂಥವು. ಬರೀ ಮೂರು ಮುಂದೆ ಹೋಗುತ್ತವೆ. ಲೆನ್‌ಸ್ಟರ್‌ನಲ್ಲಿ ಅಷ್ಟು ಬಿಸಿಯಿಲ್ಲ. ಅಲ್ಲಿ ಗೆದ್ದವರು ನೇರ ಸೆಮಿಫೈನಲ್‌ಗೆ ಹೋಗುತ್ತಾರೆ, ನಡುವೆ ಕೆಲವು ವಾರಗಳ ಬಿಡುವು ಬೇರೆ. ಹಾಗೆ ಆರು ಸಲ ನೇರ ಸೆಮಿಫೈನಲ್‌ಗೆ ಹೋದ ಕಿಲ್ಕೆನ್ನಿ ದಾಟಿದ್ದು ಎರಡು ಸಲ, 2022 ಮತ್ತು 2023ರಲ್ಲಿ ಕ್ಲೇರ್ ವಿರುದ್ಧ. 2023ರಲ್ಲಿ ಗೋಲಿ ಓವನ್ ಮರ್ಫಿ ಪೀಟರ್ ಡಗ್ಗನ್‌ರ ಹೊಡೆತವನ್ನು ತಡೆಯದೆ ಹೋಗಿದ್ದರೆ ಆ ಎರಡೂ ಎರಡಾಗುತ್ತಿರಲಿಲ್ಲವೇನೋ. ಆದ್ದರಿಂದ ಪ್ರಾಂತ್ಯದ ಕಪ್ ಕಿಲ್ಕೆನ್ನಿಯವರ ಕಣ್ಣಿಗೆ ಮದುವೆಯ ಊಟಕ್ಕೆ ಮೊದಲು ಬರುವ ಪಾನಕ. ಗ್ಲಾಸ್ ಖಾಲಿ ಮಾಡಿ ಪಂಕ್ತಿಯ ಕಡೆ ನೋಡುತ್ತಾರೆ.

ಇನ್ನು ಎರಡು ಅಂಕದ ವಿಷಯ. ಅವರ ಕೊರಗಿನ ತಿರುಳು ಇಲ್ಲಿದೆ ಎಂದು ನನ್ನ ಭಾವನೆ. 2022ರ ಫೈನಲ್: ಎರಡು ಅಂಕದ ಸೋಲು. 2024ರ ಸೆಮಿಫೈನಲ್, ಕ್ಲೇರ್ ವಿರುದ್ಧ, ಅರ್ಧ ವೇಳೆಗೆ ಮುಂದಿದ್ದೂ: ಎರಡು ಅಂಕ. 2025ರ ಸೆಮಿಫೈನಲ್, ಟಿಪ್ಪೆರರಿ 4-20, ಕಿಲ್ಕೆನ್ನಿ 0-30: ಕೂಡಿ ನೋಡಿ, ಎರಡೇ. ಆ ಕೊನೆಯ ಪಂದ್ಯದ ಕೊನೆಯ ನಿಮಿಷಗಳಲ್ಲಿ ಕ್ರೋಕ್ ಪಾರ್ಕಿನ ಫಲಕ ಟಿಪ್ಪೆರರಿಗೆ ಇಲ್ಲದ ಒಂದು ಅಂಕವನ್ನು ತೋರಿಸುತ್ತಿತ್ತು. ಅಂತರ ಮೂರೆಂದು ಕಂಡರೆ ಗೋಲಿಗೆ ನುಗ್ಗಬೇಕು, ಎರಡಾದರೆ ಒಂದೊಂದೇ ಅಂಕ ತೆಗೆದುಕೊಳ್ಳಬಹುದು. ಕಿಲ್ಕೆನ್ನಿ ನುಗ್ಗಿತು. ಗೋಲು ಸಿಗಲಿಲ್ಲ. ಆಮೇಲೆ ಅಂಕ ತಿದ್ದಿದರು, ಫಲಿತಾಂಶ ಹಾಗೆಯೇ ಉಳಿಯಿತು, ಮರುಪಂದ್ಯ ನಡೆಯಲಿಲ್ಲ. ಎರಡು ವಾರದ ನಂತರ ಅದೇ ಟಿಪ್ಪೆರರಿ ಫೈನಲ್‌ನಲ್ಲಿ ಕಾರ್ಕ್ ತಂಡವನ್ನು ಎರಡನೇ ಅವಧಿಯಲ್ಲಿ ಬರೀ ಎರಡು ಅಂಕಕ್ಕೆ ಕಟ್ಟಿಹಾಕಿ ಕಪ್ ಒಯ್ದಿತು. ನಿಮ್ಮ ವಾರ್ಡಿನ ಆ ಮೌನ ಇದರದು. ಹದಿನಾಲ್ಕು ಅಂಕದಿಂದ ಸೋತವನು ನಿದ್ದೆ ಮಾಡುತ್ತಾನೆ. ಎರಡು ಅಂಕದಿಂದ ಸೋತವನು ಬೆಳಗಿನ ಜಾವ ಮೂರಕ್ಕೆ ಎದ್ದು, ಯಾವ ಎರಡು ಎಂದು ಹುಡುಕುತ್ತಾನೆ.

ಇದನ್ನು ನಿಜವಾದ ಪತನದೊಂದಿಗೆ ಹೋಲಿಸಿದರೆ ಅವರು ಒಪ್ಪುವುದಿಲ್ಲ, ಆದರೂ ಹೋಲಿಸುತ್ತೇನೆ. ಅದೇ ಲೆನ್‌ಸ್ಟರ್ ಪ್ರಾಂತ್ಯದ ಆಫಲಿ ಕೌಂಟಿ 1998ರಲ್ಲಿ ಫೈನಲ್‌ನಲ್ಲಿ ಕಿಲ್ಕೆನ್ನಿಯನ್ನೇ ಸೋಲಿಸಿ ಕಪ್ ಗೆದ್ದಿತ್ತು. ಅದೇ ವರ್ಷದ ಸೆಮಿಫೈನಲ್ ಮರುಪಂದ್ಯದಲ್ಲಿ ರೆಫರಿ ಸಮಯಕ್ಕೆ ಮೊದಲೇ ಪೀಪಿ ಊದಿದಾಗ ಆಫಲಿಯ ಅಭಿಮಾನಿಗಳು ಕ್ರೋಕ್ ಪಾರ್ಕಿನ ಹುಲ್ಲಿನ ಮೇಲೆ ಕುಳಿತು ಎದ್ದೇಳಲು ಒಪ್ಪಲಿಲ್ಲ. ಪಂದ್ಯವನ್ನು ಮತ್ತೆ ಆಡಿಸಬೇಕಾಯಿತು. ಅಂಥ ಕೌಂಟಿ ಆ ನಂತರ ಒಂದೊಂದೇ ಮೆಟ್ಟಿಲು ಇಳಿದು 2019ರಲ್ಲಿ ಮೂರನೇ ದರ್ಜೆಗೆ ಬಿತ್ತು. 2024ರಲ್ಲಿ ಅವರ 20 ವರ್ಷದೊಳಗಿನವರು ಅಖಿಲ ಐರ್ಲೆಂಡ್ ಗೆದ್ದಾಗ ಇಡೀ ಕೌಂಟಿ ಬೀದಿಗೆ ಬಂತು. ಇನ್ನು ಕಾರ್ಕ್: 30 ಕಪ್ ಇದ್ದರೂ 2005ರ ನಂತರ ಒಂದೂ ಇಲ್ಲ. ಅವರ ಬರ ಕಿಲ್ಕೆನ್ನಿಯದರ ಎರಡರಷ್ಟು. ಆದರೂ ಕಾರ್ಕ್ ಆಡುವ ದಿನ ಕ್ರೋಕ್ ಪಾರ್ಕ್ ಕೆಂಪೋ ಕೆಂಪು, ಹಾಡು, ಗದ್ದಲ, ಟಿಕೆಟ್‌ಗೆ ಪರದಾಟ. ಹಸಿದವರು ಊಟದ ಬಗ್ಗೆ ಮಾತಾಡುವ ಹುರುಪು ಅದು. ಕಿಲ್ಕೆನ್ನಿಯವರು ಹದಿನಾರು ವರ್ಷ ಹೊಟ್ಟೆ ತುಂಬ ಉಂಡವರು. ಎಲೆ ಖಾಲಿ ಕಂಡಾಗ ಅವರಿಗೆ ಹಾಡು ಬರುವುದಿಲ್ಲ, ಗಂಟಲು ಕಟ್ಟುತ್ತದೆ.

ಹಾಗೆಂದು ಅವರು ಯಾವಾಗಲೂ ಇಷ್ಟು ಮೌನಿಗಳಾಗಿರಲಿಲ್ಲ. 1978ರ ಫೈನಲ್‌ನಲ್ಲಿ ಕಾರ್ಕ್ ಗೆದ್ದಿತು. ಸೋತು ಊರಿಗೆ ಮರಳಿದ ತಂಡದ ಸ್ವಾಗತಕ್ಕೆ ಸೇರಿದ ಜನ ಒಬ್ಬ ಆಟಗಾರನ ಹೆಸರು ಕರೆದಾಗ ಧಿಕ್ಕಾರ ಕೂಗಿದರು. ಬೆನ್ನಾಟಗಾರನಾಗಿದ್ದ ಅವನನ್ನು ಆ ವರ್ಷ ಮುಂದೆ ತಂದು ಆಡಿಸಿದ್ದರು, ಅದು ಕೂಡಿಬಂದಿರಲಿಲ್ಲ. ಅವನ ಹೆಸರು ಬ್ರಯನ್ ಕೋಡಿ. ಇಪ್ಪತ್ತು ವರ್ಷದ ನಂತರ ಅದೇ ಊರಿಗೆ ಅವನು ಹನ್ನೊಂದು ಕಪ್ ತಂದುಕೊಟ್ಟ. ನನ್ನ ಮನೆಯ ಯಜಮಾನರನ್ನು ನಾನೊಮ್ಮೆ ಕೇಳಿದೆ, ಆ ಸಂಜೆ ನೀವೂ ಅಲ್ಲಿದ್ದಿರಾ ಎಂದು. ಇದ್ದೆ ಎಂದರು. ಕೂಗಿದಿರಾ ಎಂದೆ. ‘ನಾನಲ್ಲ, ನನ್ನ ಪಕ್ಕದವನು’ ಎಂದರು. ಕಿಲ್ಕೆನ್ನಿಯಲ್ಲಿ ವಿಚಾರಿಸಿ ನೋಡಿ, ಎಲ್ಲರ ಪಕ್ಕದವನೂ ಕೂಗಿದ್ದಾನೆ, ಕೂಗಿದವನು ಮಾತ್ರ ಒಬ್ಬನೂ ಸಿಗುವುದಿಲ್ಲ. ಆ ನಾಚಿಕೆ ಊರಿನ ನಾಲಿಗೆಗೆ ಕಡಿವಾಣ ಹಾಕಿದೆ ಎಂದು ನನಗೆ ಅನ್ನಿಸುತ್ತದೆ. ಈಗ ಅವರು ಆಟಗಾರರನ್ನು ಬಹಿರಂಗವಾಗಿ ಬೈಯುವುದು ಅಪರೂಪ. ಸಿಟ್ಟೆಲ್ಲ ತೀರಿಸುವುದು ಬೇಲಿಗಿಡದ ಮೇಲೆ.

ಇನ್ನೊಂದು ಸಣ್ಣ ಸಂಗತಿ. 2017ರವರೆಗೆ ಫೈನಲ್ ನಡೆಯುತ್ತಿದ್ದುದು ಸೆಪ್ಟೆಂಬರಿನ ಮೊದಲ ಭಾನುವಾರ. ಶಾಲೆ ಆಗತಾನೇ ಶುರುವಾಗಿರುತ್ತಿತ್ತು. ಗೆದ್ದ ಮರುವಾರ ಕಪ್ ಶಾಲೆಗೆ ಬರುತ್ತಿತ್ತು, ಮಕ್ಕಳು ಮುಟ್ಟುತ್ತಿದ್ದರು, ಅಂದು ಮನೆಪಾಠ ಇರುತ್ತಿರಲಿಲ್ಲ. ಕಿಲ್ಕೆನ್ನಿಯಲ್ಲಿ 2000ದಿಂದ 2015ರ ನಡುವೆ ಶಾಲೆ ಮುಗಿಸಿದ ಯಾವ ಮಗುವೂ ಇದನ್ನು ವಿಶೇಷವೆಂದು ತಿಳಿದಿರಲಿಲ್ಲ, ಹುಟ್ಟುಹಬ್ಬದಂತೆ ಬರುವುದು ಎಂದುಕೊಂಡಿತ್ತು. ಇಂದು ಹತ್ತು ವರ್ಷದ ಮಗುವಿಗೆ ತನ್ನ ಊರಿನವರು ಆ ಕಪ್ ಎತ್ತಿದ್ದು ಫೋಟೊದಲ್ಲಿ ಮಾತ್ರ ಗೊತ್ತು. ನಿಮ್ಮ ಸಹೋದ್ಯೋಗಿಗಳು ‘ನಮ್ಮ ಕಾಲ’ ಎನ್ನುವಾಗ ಅವರ ಮನಸ್ಸಿನಲ್ಲಿ ಇರುವುದು ಬಹುಶಃ ಆ ಮನೆಪಾಠವಿಲ್ಲದ ಸೋಮವಾರ. ಹಿಂದೆಯೂ ಕಿಲ್ಕೆನ್ನಿ 1947ರಿಂದ 1957ರವರೆಗೆ ಹತ್ತು ವರ್ಷ ಕಾದಿದೆ, 1922ರಿಂದ 1932ರವರೆಗೆ ಹತ್ತು ವರ್ಷ ಕಾದಿದೆ ಎಂದು ಲೆಕ್ಕ ಒಪ್ಪಿಸಿದರೆ ಸಮಾಧಾನವಾಗದು. ಆ ಲೆಕ್ಕ ನಿಮಗಿಂತ ಅವರಿಗೆ ಚೆನ್ನಾಗಿ ಬಾಯಿಪಾಠ.

ಸೋತ ಮರುದಿನ ಏನು ಹೇಳಬೇಕು? ‘ಆಟ ತಾನೇ’ ಎನ್ನಬೇಡಿ. ‘ಮುಂದಿನ ವರ್ಷ ನೋಡೋಣ’ ಎಂಬುದನ್ನು ಅವರು ಒಬ್ಬರಿಗೊಬ್ಬರು ಹೇಳಿಕೊಂಡು ಆಗಿರುತ್ತದೆ. ‘ಲೆನ್‌ಸ್ಟರ್ ಗೆದ್ದಿರಲ್ಲ’ ಎಂದರಂತೂ ಆ ಪಾಳಿಯಲ್ಲಿ ನಿಮ್ಮೊಂದಿಗೆ ಯಾರೂ ಚಹಾ ಕುಡಿಯುವುದಿಲ್ಲ. ‘ನಿಮ್ಮದು ಯಾವ ಕ್ಲಬ್?’ ಎಂದು ಕೇಳಿ. ಕೌಂಟಿ ತಂಡ ಸೋತ ಕೆಲವು ವಾರಗಳಲ್ಲಿ ಕ್ಲಬ್ ಪಂದ್ಯಗಳು ಶುರುವಾಗುತ್ತವೆ. ಅಲ್ಲಿ ಅವರ ತಮ್ಮನೋ ಅಕ್ಕನ ಮಗನೋ ಆಡುತ್ತಿರುತ್ತಾನೆ. ಹತ್ತು ನಿಮಿಷದಲ್ಲಿ ಅವರು ನಿಮಗೆ ಪಕ್‌ಔಟ್ ಹೇಗೆ ಹೊಡೆಯಬೇಕಿತ್ತು ಎಂದು ಔಷಧಿಯ ಟ್ರೇ ಮೇಲೆ ಹತ್ತಿಯ ಉಂಡೆಗಳನ್ನು ಜೋಡಿಸಿ ತೋರಿಸುತ್ತಾರೆ. ಹಾಕಿ ಗೊತ್ತಿರುವವರು ನೀವು, ಎದುರು ಪ್ರಶ್ನೆ ಹಾಕಿ. ಕೇಳಿಸಿಕೊಳ್ಳುವುದಕ್ಕಿಂತ ವಾದಕ್ಕೆ ಇಳಿಯುವವರನ್ನು ಅವರು ಹೆಚ್ಚು ಇಷ್ಟಪಡುತ್ತಾರೆ.

ಒಂದು ಎಚ್ಚರಿಕೆ ಮಾತ್ರ. ಕಿಲ್ಕೆನ್ನಿಯ ಪಶ್ಚಿಮಕ್ಕೆ ಅರ್ಧ ಗಂಟೆ ಕಾರು ಓಡಿಸಿದರೆ ಟಿಪ್ಪೆರರಿ ಶುರುವಾಗುತ್ತದೆ. ಅಲ್ಲಿಂದ ಕೆಲಸಕ್ಕೆ ಬರುವವರು ನಿಮ್ಮ ವಾರ್ಡಿನಲ್ಲಿ ಯಾರಾದರೂ ಇದ್ದರೆ, ನನಗೆ ಕೇಳಿದ ಪ್ರಶ್ನೆಯನ್ನು ಕಿಲ್ಕೆನ್ನಿಯವರ ಎದುರಿಗೆ ಅವರಲ್ಲಿ ಕೇಳಬೇಡಿ. ಅವರ ಉತ್ತರ ನನ್ನದಕ್ಕಿಂತ ತುಂಬ ಚಿಕ್ಕದಾಗಿರುತ್ತದೆ, ಮತ್ತು ನಿಮಗೆ ನಗು ತಡೆಯಲಾಗುವುದಿಲ್ಲ.